ಸೋರಿಕೆಯಾದ ರಾಯಭಾರ ಕಚೇರಿಯ ಕೇಬಲ್ ಓದೋದು ಹೇಗೆ

ಕೇಬಲ್ ಅಂದರೆ ರಾಯಭಾರ ಕಚೇರಿ ತನ್ನ ದೇಶದ ಸರ್ಕಾರಕ್ಕೆ ಕಳಿಸುವ ಅಧಿಕೃತ ಸಂದೇಶ. ಮೊದಲು ಮೂಲ ಕೇಬಲ್ ಹುಡುಕಿ. ವಾಟ್ಸಾಪ್‌ನಲ್ಲಿ ಬಂದ ಎರಡು ಸಾಲು ಸಾಲದು. 2010ರ ನವೆಂಬರ್ 28ರಿಂದ, ಗುಟ್ಟಿನ ದಾಖಲೆ ಬಯಲು ಮಾಡುವ ಜಾಲತಾಣ ವಿಕಿಲೀಕ್ಸ್ ಬಿಡುಗಡೆ ಮಾಡಿದ ಅಮೆರಿಕದ 2,51,287 ಕೇಬಲ್‌ಗಳಲ್ಲಿ ಪ್ರತಿಯೊಂದಕ್ಕೂ ತಾರೀಖು, ಕಳಿಸಿದ ಕಚೇರಿ, ‘ಸೀಕ್ರೆಟ್’, ‘ಕಾನ್ಫಿಡೆನ್ಷಿಯಲ್’ ಅಥವಾ ‘ಅನ್‌ಕ್ಲಾಸಿಫೈಡ್’ (ಗುಟ್ಟಲ್ಲದ್ದು) ಅನ್ನೋ ದರ್ಜೆ ಇದೆ. ಅರ್ಧಕ್ಕಿಂತ ಜಾಸ್ತಿ ಕೇಬಲ್‌ಗಳಿಗೆ ಗುಟ್ಟಿನ ದರ್ಜೆಯೇ ಇರಲಿಲ್ಲ. ಕೊನೆಯಲ್ಲಿರುವ ಹೆಸರು ನೋಡಿ ಮೋಸ ಹೋಗಬೇಡಿ. ಬರೆದವರು ಯಾರೇ ಆಗಿರಲಿ, ಅಲ್ಲಿ ಬರುವುದು ಕಚೇರಿಯ ಮುಖ್ಯಸ್ಥರ ಹೆಸರು.

ಆಮೇಲೆ ಯಾರು ಯಾರಿಗೆ ಹೇಳಿದರು ಅಂತ ಗುರುತು ಹಾಕಿಕೊಳ್ಳಿ. ಎಲ್ಲಕ್ಕಿಂತ ಮುಖ್ಯ ಇದೇ.

2011ರ ಮಾರ್ಚ್ 17ರಂದು ‘ದಿ ಹಿಂದೂ’ ಪ್ರಕಟಿಸಿದ ಕೇಬಲನ್ನೇ ತೆಗೆದುಕೊಳ್ಳಿ. ಅದನ್ನು ದೆಹಲಿಯ ಅಮೆರಿಕ ರಾಯಭಾರ ಕಚೇರಿ ಕಳಿಸಿದ್ದು 2008ರ ಜುಲೈ 17ರಂದು, ಅಂದರೆ ಅಮೆರಿಕದ ಜೊತೆಗಿನ ಅಣು ಒಪ್ಪಂದದ ಕಾರಣಕ್ಕೆ ಮನಮೋಹನ್ ಸಿಂಗ್ ಸರ್ಕಾರ ಎದುರಿಸಿದ ವಿಶ್ವಾಸಮತಕ್ಕೆ ಐದು ದಿನ ಮೊದಲು. ಕಾಂಗ್ರೆಸ್ ನಾಯಕರೊಬ್ಬರ ಸಹಾಯಕ ರಾಯಭಾರ ಕಚೇರಿಯ ಸಿಬ್ಬಂದಿಗೆ ಹಣ ತುಂಬಿದ ಎರಡು ಪೆಟ್ಟಿಗೆ ತೋರಿಸಿದ, ಒಂದು ಸಣ್ಣ ಪಕ್ಷದ ನಾಲ್ವರು ಸಂಸದರಿಗೆ ತಲಾ 10 ಕೋಟಿ ಕೊಟ್ಟಾಗಿದೆ ಅಂದ, ಅಂತ ಅದರಲ್ಲಿದೆ. ಪೆಟ್ಟಿಗೆ ಕಣ್ಣಾರೆ ನೋಡಿದ್ದು, 10 ಕೋಟಿ ಬರೀ ಕೇಳಿದ ಮಾತು. ಎರಡಕ್ಕೂ ಒಂದೇ ತೂಕ ಕೊಡೋಕಾಗಲ್ಲ ಅಲ್ವಾ? ಹೊರಗಿನ ದಾಖಲೆ ಜೊತೆ ತಾಳೆ ನೋಡಿ: ಆ ಪಕ್ಷಕ್ಕೆ ಲೋಕಸಭೆಯಲ್ಲಿ ಇದ್ದದ್ದೇ ಮೂವರು, ಅವರು ಮತ ಹಾಕಿದ್ದೂ ಸರ್ಕಾರದ ವಿರುದ್ಧ. ಸಹಾಯಕನೂ ಆರೋಪ ಅಲ್ಲಗಳೆದರು. ಹಾಗಂತ ಪೆಟ್ಟಿಗೆಯ ಪ್ರಶ್ನೆ ಮುಗಿಯಲಿಲ್ಲ. ಸಂಸತ್ತಿನಲ್ಲಿ ಗದ್ದಲ ಎದ್ದಾಗ ಪ್ರಧಾನಿ ಮನಮೋಹನ್ ಸಿಂಗ್, ಇಂಥ ಕೇಬಲ್ ಇದೆ ಅನ್ನೋದನ್ನೂ ಸರ್ಕಾರ ದೃಢಪಡಿಸಲಾಗದು ಅಂದರು. ನನ್ನ ಪ್ರಕಾರ ಅದು ಜನರಿಗೆ ಕೊಡುವ ಉತ್ತರವೇ ಅಲ್ಲ.

‘ಕಾಮೆಂಟ್’ ಅಂತ ಶುರುವಾಗಿ ‘ಎಂಡ್ ಕಾಮೆಂಟ್’ ಅಂತ ಮುಗಿಯುವ ಭಾಗ ಬರೆದವರ ಸ್ವಂತ ಅಭಿಪ್ರಾಯ. ಅದನ್ನು ಸುದ್ದಿ ಅಂತ ಹಂಚಬೇಡಿ.

ಹೆಸರಿನ ಪಕ್ಕ ‘ಪ್ರೊಟೆಕ್ಟ್’ ಅಂತ ಇದ್ದರೆ ಆ ಪುಟದ ಫೋಟೋ ಯಾರಿಗೂ ಕಳಿಸಬೇಡಿ. ನಂಬಿಕೆಯಿಂದ ಮಾತಾಡಿದವರ ಗುರುತು ಮುಚ್ಚಿಡಲಿ ಅಂತ ಹಾಕಿದ ಗುರುತು ಅದು. 2011ರ ಸೆಪ್ಟೆಂಬರ್‌ನಲ್ಲಿ ವಿಕಿಲೀಕ್ಸ್ ಹೆಸರು ಮರೆಮಾಡದೆ ಎಲ್ಲವನ್ನೂ ಹೊರಗೆ ಬಿಟ್ಟಾಗ, ಮೊದಲು ಅದರ ಜೊತೆ ಕೆಲಸ ಮಾಡಿದ್ದ ಗಾರ್ಡಿಯನ್, ನ್ಯೂಯಾರ್ಕ್ ಟೈಮ್ಸ್‌ನಂಥ ಪತ್ರಿಕೆಗಳೇ ಖಂಡಿಸಿದವು. ಮಂತ್ರಿಯ ಗುಟ್ಟು ಬೇರೆ, ಜೀವಭಯದಲ್ಲಿರುವ ಸಾಮಾನ್ಯನ ಗುಟ್ಟು ಬೇರೆ.

ಇಷ್ಟಾದ ಮೇಲೂ ಅನುಮಾನ ಉಳಿದರೆ ಸುಮ್ನೆ ಬೈದು ಕೂರಬೇಡಿ, ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಕೇಂದ್ರದ ಇಲಾಖೆಗೆ 10 ರೂಪಾಯಿ ಶುಲ್ಕ. ಆ ದಿನದ ಬಗ್ಗೆ ನಮ್ಮ ಸರ್ಕಾರದ ಬಳಿ ಇರುವ ಸಭೆಯ ಟಿಪ್ಪಣಿ, ಪತ್ರ ಇಂಥದ್ದು ಅಂತ ನಿಖರವಾಗಿ ಕೇಳಿ. ವಿದೇಶ ಸಂಬಂಧ, 1923ರ ಅಧಿಕೃತ ರಹಸ್ಯ ಕಾಯ್ದೆ ಅಂತ ನಿರಾಕರಿಸಬಹುದು. ಆಗ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ, ಅದರಲ್ಲಿ ಮಾಹಿತಿ ಹಕ್ಕು ಕಾಯ್ದೆಯ 8(2) ಸೆಕ್ಷನ್ ಬರೆಯಿರಿ: ಹಾನಿಗಿಂತ ಸಾರ್ವಜನಿಕ ಹಿತ ದೊಡ್ಡದಾಗಿದ್ದರೆ, ರಹಸ್ಯ ಕಾಯ್ದೆ ಇದ್ದರೂ ಮಾಹಿತಿ ಕೊಡಬಹುದು.