1943ರ ತಾಮ್ರದ ಸೆಂಟು ಅಸಲಿಯೋ ನಕಲಿಯೋ?

ಅಮೆರಿಕದಲ್ಲಿರುವ ನನ್ನ ಹಳೇ ವಿದ್ಯಾರ್ಥಿಗಳು ಆಗಾಗ ಸೆಂಟಿನ, ಅಂದರೆ ಡಾಲರಿನ ನೂರನೇ ಒಂದು ಪಾಲಿನ ನಾಣ್ಯದ, ಫೋಟೊ ಕಳಿಸುತ್ತಾರೆ. "ಸರ್, 1943ರ ಸೆಂಟು, ತಾಮ್ರದ್ದು! ಲಕ್ಷಗಟ್ಟಲೆ ಬರುತ್ತಂತೆ, ಅಲ್ವಾ?" ಬರುತ್ತೆ, ಅಸಲಿಯಾದರೆ. ಫೋಟೊ ನೋಡಿ ನಾನೇನೂ ಹೇಳುವುದಿಲ್ಲ. ಫಿಸಿಕ್ಸ್ ಮೇಷ್ಟ್ರಾಗಿದ್ದವನು, ತೂಗಿ ನೋಡಿ ಅಂತೀನಿ.

ಆ ವರ್ಷ ತಾಮ್ರವೆಲ್ಲ ಯುದ್ಧಕ್ಕೆ ಬೇಕಿತ್ತು. ಅದಕ್ಕೇ ಸೆಂಟನ್ನು ಸತು ಲೇಪಿಸಿದ ಉಕ್ಕಿನಲ್ಲಿ ಹೊಡೆದರು. ಉಳಿದುಹೋಗಿದ್ದ ಕೆಲವೇ ಕಂಚಿನ (ಅಂದರೆ ಬಹುಪಾಲು ತಾಮ್ರದ) ಬಿಲ್ಲೆಗಳೂ ಅಚ್ಚಿಗೆ ಸಿಕ್ಕಿಬಿಟ್ಟವು. ಅವೇ ಈ ಅಪರೂಪದವು.

ಮೊದಲು ಮ್ಯಾಗ್ನೆಟ್ ಹಿಡಿಯಿರಿ. ಅಂಟಿದರೆ ಅಲ್ಲಿಗೆ ಮುಗೀತು, ಅದು ತಾಮ್ರ ಬಳಿದ ಉಕ್ಕು. ಅಂಟದಿದ್ದರೆ 0.01 ಗ್ರಾಂ ತೋರಿಸುವ ಯಂತ್ರದಲ್ಲಿ ತೂಗಿ. ಕಂಚಿನದು 3.11 ಗ್ರಾಂ ಆಸುಪಾಸು, ಉಕ್ಕಿನದು ಸುಮಾರು 2.7.

ತೂಕ ಸರಿ ಬಂತು ಅಂತ ಕುಣಿಯಬೇಡಿ. 1948ರ ಸೆಂಟಿನಲ್ಲಿ 8ರ ಎಡಭಾಗ ಕೆರೆದು 3 ಮಾಡುವ ಕೈಚಳಕದವರಿದ್ದಾರೆ. ಅದರ ಲೋಹವೂ ಸರಿ, ತೂಕವೂ ಸರಿ. ಹಾಗಾಗಿ 1943ರ ಮಾಮೂಲಿ ಉಕ್ಕಿನ ಸೆಂಟು ಒಂದನ್ನು ಕೊಳ್ಳಿ, ಅಗ್ಗಕ್ಕೆ ಸಿಗುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಭೂತಗನ್ನಡಿಯಲ್ಲಿ ನೋಡಿ. ಅಸಲಿ 3ರ ಬಾಲ ಪಕ್ಕದ ಅಂಕಿಗಳಿಗಿಂತ ಚೆನ್ನಾಗಿ ಕೆಳಗಿಳಿದಿರುತ್ತದೆ. 8ರಿಂದ ಹುಟ್ಟಿದ 3ಕ್ಕೆ ಆ ಬಾಲ ಬರುವುದಿಲ್ಲ.

ಲೋಹ ಯಾವುದೆಂದೇ ತಿಳಿಯದಿದ್ದರೆ ನೀರಿನ ಪರೀಕ್ಷೆ ಮಾಡಿ. ನೀರಿನ ಲೋಟವನ್ನು ಯಂತ್ರದ ಮೇಲಿಟ್ಟು ಸೊನ್ನೆ ಮಾಡಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ತಳ ಮುಟ್ಟದಂತೆ ಮುಳುಗಿಸಿ. ಗುಳ್ಳೆ ಅಂಟಿಕೊಳ್ಳಬಾರದು. ಒಣ ತೂಕವನ್ನು ಆಗ ಕಾಣುವ ಅಂಕಿಯಿಂದ ಭಾಗಿಸಿ. ತಾಮ್ರಕ್ಕೆ 8.9, ಬೆಳ್ಳಿಗೆ 10.5, ಅಲ್ಯೂಮಿನಿಯಂಗೆ 2.7ರ ಹತ್ತಿರ ಬರಬೇಕು. ಸೆಂಟಿನಂಥ ಪುಟ್ಟ ನಾಣ್ಯದಲ್ಲಿ ಅಂಕಿ ಸ್ವಲ್ಪ ಆಚೀಚೆ ಆಗುತ್ತೆ, ಮತ್ತೆ ಮತ್ತೆ ತೂಗಿ.

ಅಲ್ಯೂಮಿನಿಯಂ ಅಂದೆನಲ್ಲ, ಅದು ತಪ್ಪಿ ಆದದ್ದಲ್ಲ, ಬೇಕೆಂದೇ ಹೊಡೆದ ಪ್ರಯೋಗ. ತಾಮ್ರದ ಬೆಲೆ ಏರಿದ್ದರಿಂದ 1974ರ ಇಸವಿ ಹಾಕಿ ಸುಮಾರು 15 ಲಕ್ಷ ಅಲ್ಯೂಮಿನಿಯಂ ಸೆಂಟು ಹೊಡೆದರು. ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಸದಸ್ಯರಿಗೆ ಮಾದರಿ ಹಂಚಿದರು. ಯೋಜನೆ ಬಿದ್ದುಹೋಯಿತು, ಹಂಚಿದ್ದೆಲ್ಲ ವಾಪಸ್ ಬರಲಿಲ್ಲ. ಅವು ತನ್ನ ಆಸ್ತಿ ಎನ್ನುವುದು ಸರ್ಕಾರದ ವಾದ. ಡೆನ್ವರ್ ಟಂಕಸಾಲೆಯ ಒಂದು ನಾಣ್ಯ 2016ರಲ್ಲಿ ಹಾಗೆಯೇ ವಾಪಸ್ ಹೋಯಿತು. ಅಂಥದ್ದು ಕೈಗೆ ಬಂದರೆ ಮಾರುವ ಮೊದಲು ವಕೀಲರನ್ನು ಕೇಳಿ.

ಹುಣಸೆಹಣ್ಣು ಹಾಕಿ ಉಜ್ಜಲೇಬೇಡಿ, ಹೊಳಪಿನ ಜೊತೆ ಬೆಲೆಯೂ ಹೋಗುತ್ತೆ. ಎಲ್ಲದರಲ್ಲೂ ಪಾಸಾದ ನಾಣ್ಯವನ್ನು ಮಾತ್ರ ಅಸಲಿಯೋ ಎಂದು ಪರೀಕ್ಷಿಸಿ ಹೇಳುವ ಕಂಪನಿಗಳಾದ ಪಿಸಿಜಿಎಸ್ ಅಥವಾ ಎನ್‌ಜಿಸಿಗೆ ಕಳಿಸಿ. ಅವರ ಫೀಸು ಜಾಸ್ತಿ.