ಶುಗರ್‌ನ ಕಾಂಬಿನೇಷನ್ ಮಾತ್ರೆ: ಒಳಗೇನಿದೆ, ಯಾವಾಗ ನುಂಗಬೇಕು

ತಿಪಟೂರಿನಲ್ಲಿ ನಾನು ಮೆಡಿಕಲ್ ಶಾಪ್ ನಡೆಸಲು ಶುರು ಮಾಡಿ 19 ವರ್ಷ ಆಯಿತು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಬರುವವರಲ್ಲಿ ಸುಮಾರು ಜನ ಶುಗರ್ ಮಾತ್ರೆಗೆ ಬಂದವರೇ. ಖಾಲಿ ಶೀಟ್ ಮುಂದಿಟ್ಟು "ಇದೇ ಕೊಡಮ್ಮ, ತಿಂಗಳಿಗೆ ಆಗುವಷ್ಟು" ಅನ್ನುತ್ತಾರೆ. ಇದರೊಳಗೆ ಏನಿದೆ ಗೊತ್ತಾ ಅಂತ ಕೇಳಿದರೆ "ಶುಗರ್‌ದು" ಅನ್ನುತ್ತಾರೆ. ಆ ಒಂದೇ ಮಾತ್ರೆಯಲ್ಲಿ ಎರಡು ಔಷಧಿ ಇರುತ್ತವೆ, ಕೆಲವು ಸಲ ಮೂರು. ಒಂದೊಂದಕ್ಕೂ ಅದರದೇ ನಿಯಮ ಇದೆ. ಅದು ಗೊತ್ತಿಲ್ಲದೆ ನುಂಗಿದ್ದಕ್ಕೆ ನಮ್ಮಪ್ಪ ಒಂದು ದಿನ ತೋಟದಲ್ಲಿ ಕುಸಿದು ಕೂತರು.

ಅಪ್ಪನಿಗೆ ಆಗ 68 ವರ್ಷ. ಬರೀ ಮೆಟ್‌ಫಾರ್ಮಿನ್‌ನಲ್ಲಿ ಶುಗರ್ ಹಿಡಿತಕ್ಕೆ ಬರುತ್ತಿಲ್ಲ ಅಂತ ಡಾಕ್ಟರು ಗ್ಲಿಮಿಪಿರೈಡ್ ಸೇರಿದ ಮಾತ್ರೆ ಬರೆದಿದ್ದರು. "ತಿಂಡಿಗೆ ಮುಂಚೆ" ಅಂತ ಚೀಟಿಯಲ್ಲಿತ್ತು. ಅಪ್ಪ ಆರು ಗಂಟೆಗೆ ಕಾಫಿ ಜೊತೆ ನುಂಗುತ್ತಿದ್ದರು. ಆಮೇಲೆ ಹಾಲು ಕರೆಯುವುದು, ಡೇರಿಗೆ ಹಾಕುವುದು, ತೋಟ. ತಿಂಡಿ ಆಗುವಾಗ ಒಂಬತ್ತು, ಒಂಬತ್ತೂವರೆ. ಆ ದಿನ ತ್ರೀ ಫೇಸ್ ಕರೆಂಟ್ ಬಂತು ಅಂತ ಮೋಟಾರ್ ಹತ್ತಿರ ಹೋದವರು ಹನ್ನೊಂದಾದರೂ ಬರಲಿಲ್ಲ. ಅಮ್ಮ ಹುಡುಕಿಕೊಂಡು ಹೋದರೆ ತೆಂಗಿನ ಮರಕ್ಕೆ ಒರಗಿ ಕೂತಿದ್ದರಂತೆ. ಅಂಗಿ ಬೆವರಿನಲ್ಲಿ ತೊಯ್ದಿತ್ತು, ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ಬಿಸಿಲಿಗೆ ಪಿತ್ತ ಏರಿದೆ ಅಂದುಕೊಂಡರು ಅಮ್ಮ. ಪಕ್ಕದ ಮನೆಯವರ ಮೀಟರ್‌ನಲ್ಲಿ ನೋಡಿದಾಗ ಶುಗರ್ 48.

ಆ ಮಾತ್ರೆ ಕೊಟ್ಟಿದ್ದು ನಾನೇ. ತಿಂಡಿಗೆ ಮುಂಚೆ ಅಂತ ಹೇಳಿದ್ದೂ ನಾನೇ. ಎಷ್ಟು ಮುಂಚೆ ಅಂತ ಹೇಳಿರಲಿಲ್ಲ. ಆವತ್ತಿನಿಂದ ಈ ಮಾತ್ರೆ ಕೊಡುವಾಗ ಎಲ್ಲರಿಗೂ ಒಂದು ಮಾತು ಕೇಳುತ್ತೇನೆ: ನಿಮ್ಮ ಮನೇಲಿ ತಿಂಡಿ ಎಷ್ಟು ಗಂಟೆಗೆ?

ಮೊದಲು ಶೀಟ್ ತಿರುಗಿಸಿ ಓದಿ

ಮುಂದೆ ದಪ್ಪ ಅಕ್ಷರದಲ್ಲಿ ಇರುವುದು ಕಂಪನಿ ಇಟ್ಟ ಹೆಸರು. ನಿಮಗೆ ಬೇಕಾದ್ದು ಹಿಂದಿನ ಸಣ್ಣ ಅಕ್ಷರ. ಕಣ್ಣಿಗೆ ಕಾಣದಿದ್ದರೆ ಮೊಬೈಲ್‌ನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ನಮ್ಮ ಕಡೆ ಹೆಚ್ಚು ಓಡುವ ಮಾತ್ರೆಯಲ್ಲಿ "ಗ್ಲಿಮಿಪಿರೈಡ್ 1 ಎಂಜಿ, ಮೆಟ್‌ಫಾರ್ಮಿನ್ 500 ಎಂಜಿ" ಅಂತ ಇರುತ್ತದೆ. ಹೆಸರಿನ ಕೊನೆಗೆ 1 ಅಥವಾ 2 ಅಂತ ಇದ್ದರೆ ಅದು ಸಾಮಾನ್ಯವಾಗಿ ಗ್ಲಿಮಿಪಿರೈಡ್‌ನ ಲೆಕ್ಕ. ಎರಡೂ ಶೀಟ್ ನೋಡಲು ಹೆಚ್ಚು ಕಡಿಮೆ ಒಂದೇ ಥರ. ಆದರೆ 1ರ ಬದಲು 2 ಬಂದರೆ ಶುಗರ್ ಇಳಿಸುವ ಆ ಔಷಧಿ ದುಪ್ಪಟ್ಟು ಆಯಿತು. ಅಂಗಡಿಯಲ್ಲೇ ನಿಂತು ಹಳೇ ಶೀಟ್ ಪಕ್ಕದಲ್ಲಿ ಹೊಸದನ್ನು ಇಟ್ಟು ನೋಡಿ. ಹಿಂದೆ ಜನ ಕಾಯುತ್ತಿದ್ದರೆ ಕಾಯಲಿ.

ಈ ಎರಡೂ ಮಾಡುವ ಕೆಲಸ ಬೇರೆ ಬೇರೆ. ನಾವು ಏನೂ ತಿನ್ನದಿದ್ದಾಗ, ರಾತ್ರಿ ಮಲಗಿದ್ದಾಗಲೂ, ಲಿವರ್ ರಕ್ತಕ್ಕೆ ಸಕ್ಕರೆ ಬಿಡುತ್ತಿರುತ್ತದೆ. ಶುಗರ್ ಇರುವವರಲ್ಲಿ ಅದು ಜಾಸ್ತಿ ಬಿಡುತ್ತದೆ. ಮೆಟ್‌ಫಾರ್ಮಿನ್ ಅದನ್ನು ತಡೆಯುತ್ತದೆ, ಮೈಯಲ್ಲಿರುವ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುವಂತೆಯೂ ಮಾಡುತ್ತದೆ. ಅದೊಂದನ್ನೇ ತಗೊಂಡರೆ ಶುಗರ್ ತೀರಾ ಕೆಳಗೆ ಬೀಳುವುದು ಅಪರೂಪ. ಗ್ಲಿಮಿಪಿರೈಡ್ ಹಾಗಲ್ಲ. ಅದು ಮೇದೋಜೀರಕದಿಂದ ಇನ್ಸುಲಿನ್ ಬಿಡಿಸುತ್ತದೆ. ನೀವು ಊಟ ಮಾಡಿದ್ದೀರಾ ಇಲ್ವಾ ಅಂತ ಅದು ನೋಡುವುದಿಲ್ಲ. ಹೊಟ್ಟೆ ಖಾಲಿ ಇದ್ದರೂ ಇನ್ಸುಲಿನ್ ಬರುತ್ತದೆ, ಶುಗರ್ ಇಳಿಯುತ್ತದೆ. ಅಪ್ಪನಿಗೆ ಆಗಿದ್ದು ಅದೇ.

ವರ್ಷ ಕಳೆದಂತೆ ಮೇದೋಜೀರಕದ ಶಕ್ತಿ ಕುಗ್ಗುತ್ತದೆ. ಒಂದು ಔಷಧಿ ಸಾಲುವುದಿಲ್ಲ. ಆಗ ಇನ್ನೊಂದು ಸೇರಿಸುತ್ತಾರೆ. "ನಂದು ಜಾಸ್ತಿ ಆಗಿಬಿಟ್ಟಿದೆ, ಡಬಲ್ ಮಾತ್ರೆ ಕೊಟ್ಟಿದಾರೆ" ಅಂತ ಕಣ್ಣಲ್ಲಿ ನೀರು ತುಂಬಿಕೊಂಡು ಬಂದವರನ್ನು ನೋಡಿದ್ದೇನೆ. ಇದು ನಿಮ್ಮ ತಪ್ಪಿಗೆ ಕೊಟ್ಟ ಶಿಕ್ಷೆ ಅಲ್ಲ. ಈ ಕಾಯಿಲೆಯ ನಡಿಗೆಯೇ ಹಾಗೆ.

ಎಷ್ಟು ಹೊತ್ತಿಗೆ ನುಂಗಬೇಕು

ಗ್ಲಿಮಿಪಿರೈಡ್ ಇರುವ ಮಾತ್ರೆಯನ್ನು ತಟ್ಟೆಗೆ ತಿಂಡಿ ಬಡಿಸಿದ ಮೇಲೆ ನುಂಗಿ. ನುಂಗಿ ತಿನ್ನಲು ಶುರು ಮಾಡಿ, ಅಥವಾ ಮೊದಲ ತುತ್ತಿನ ಜೊತೆ ನುಂಗಿ. ಕಾಫಿ ಜೊತೆ ಬೇಡ. ಕಾಫಿ, ಎರಡು ಬಿಸ್ಕತ್ತು ತಿಂಡಿಯಲ್ಲ. ಈಗ ನಮ್ಮ ಮನೆಯಲ್ಲಿ ಮಾತ್ರೆ ಡಬ್ಬಿ ಅಪ್ಪನ ಹತ್ತಿರ ಇಲ್ಲ, ಅಡುಗೆಮನೆಯಲ್ಲಿ ಉಪ್ಪಿನಕಾಯಿ ಜಾಡಿ ಪಕ್ಕದಲ್ಲಿದೆ. ರೊಟ್ಟಿಯೋ ಉಪ್ಪಿಟ್ಟೋ ತಟ್ಟೆಗೆ ಬಿದ್ದ ಮೇಲೆ ಅಮ್ಮ ತೆಗೆದು ಕೊಡುತ್ತಾರೆ. ತೋಟಕ್ಕೆ ಬುತ್ತಿ ಹೋದರೆ ಮಾತ್ರೆಯೂ ಬುತ್ತಿ ಜೊತೆಗೇ ಹೋಗುತ್ತದೆ.

ಮೆಟ್‌ಫಾರ್ಮಿನ್‌ಗೂ ಊಟ ಬೇಕು, ಆದರೆ ಕಾರಣ ಬೇರೆ. ಖಾಲಿ ಹೊಟ್ಟೆಯಲ್ಲಿ ತಗೊಂಡರೆ ಹೊಟ್ಟೆ ತೊಳಸುವುದು, ಭೇದಿ, ಬಾಯಲ್ಲಿ ಲೋಹದ ರುಚಿ ಬರುವುದುಂಟು. ಹೆಚ್ಚಿನವರಿಗೆ ಕೆಲವು ವಾರದಲ್ಲಿ ಕಡಿಮೆ ಆಗುತ್ತದೆ. ಆಗದಿದ್ದರೆ ಸುಮ್ನೆ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ. ನಿಧಾನವಾಗಿ ಕರಗುವ ಮಾತ್ರೆಗೆ ಬದಲಾಯಿಸುತ್ತಾರೆ. ಹೆಸರಿನಲ್ಲಿ ಎಸ್‌ಆರ್, ಎಕ್ಸ್‌ಆರ್ ಅಥವಾ ಇಆರ್ ಅಂತ ಇದ್ದರೆ ಅದು ಆ ಥರದ್ದು. ಅದನ್ನು ಪುಡಿ ಮಾಡಬೇಡಿ, ಅಗಿಯಬೇಡಿ. ಇಡೀ ದಿನಕ್ಕೆ ಅಂತ ಇಟ್ಟ ಔಷಧಿ ಒಂದೇ ಸಲ ಬಿಟ್ಟುಕೊಳ್ಳುತ್ತದೆ. ಅರ್ಧ ಬಿಳಿ ಅರ್ಧ ಬಣ್ಣ ಇರುವ ಎರಡು ಪದರದ ಮಾತ್ರೆಗಳಲ್ಲೂ ಸಾಮಾನ್ಯವಾಗಿ ಒಂದು ಪದರ ಇಂಥದ್ದೇ. ನುಂಗಲು ಕಷ್ಟ ಆದರೆ ನಮಗೆ ಹೇಳಿ, ದಾರಿ ಇರುತ್ತದೆ. ಇನ್ನೊಂದು ವಿಷಯ. ಕೆಲವರಿಗೆ ಮಲದಲ್ಲಿ ಮಾತ್ರೆ ಹಾಗೇ ಕಾಣುತ್ತದೆ. ಅದು ಬರೀ ಸಿಪ್ಪೆ, ಔಷಧಿ ಒಳಗೆ ಸೇರಿಬಿಟ್ಟಿರುತ್ತದೆ. ಇನ್ನೊಂದು ನುಂಗಬೇಡಿ.

ಬೆಳಿಗ್ಗೆ ಮರೆತರೆ ರಾತ್ರಿ ಎರಡು ತಗೊಳ್ಳುವುದು ಬೇಡವೇ ಬೇಡ. ಮುಂದಿನ ಹೊತ್ತಿಗೆ ಎಷ್ಟು ಬರೆದಿದ್ದಾರೋ ಅಷ್ಟೇ.

ಶುಗರ್ ಇಳಿದಾಗ

ಬೆವರು, ನಡುಕ, ಎದೆ ಡವಡವ, ತಡೆಯಲಾರದ ಹಸಿವು, ಕಣ್ಣು ಮಂಜು, ಕಾರಣ ಇಲ್ಲದೆ ಸಿಡುಕು. ಇವು ಕಂಡರೆ ಮೀಟರ್‌ನಲ್ಲಿ ನೋಡಿ. 70ಕ್ಕಿಂತ ಕೆಳಗಿದ್ದರೆ ಮೂರು ಟೀ ಚಮಚ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರಿರದಿದ್ದರೆ ಮತ್ತೆ ಕೊಡಿ. ಆಮೇಲೆ ಊಟ ಮಾಡಿಸಿ. ಮೀಟರ್ ಇಲ್ಲದಿದ್ದರೆ ಹುಡುಕುತ್ತಾ ಕೂರಬೇಡಿ, ಮೊದಲು ಸಿಹಿ ಕೊಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕಬೇಡಿ, ಉಸಿರುಗಟ್ಟುತ್ತದೆ. 108ಕ್ಕೆ ಫೋನ್ ಮಾಡಿ. ಗ್ಲಿಮಿಪಿರೈಡ್ ತಗೊಂಡವರಲ್ಲಿ ಶುಗರ್ ಒಮ್ಮೆ ಏರಿ ಕೆಲವು ಗಂಟೆ ಬಿಟ್ಟು ಮತ್ತೆ ಇಳಿಯುವುದುಂಟು. ಚೇತರಿಸಿಕೊಂಡರು ಅಂತ ಒಬ್ಬರನ್ನೇ ಬಿಟ್ಟು ಹೋಗಬೇಡಿ.

ಸಕ್ಕರೆ ಬದಲು ಗ್ಲೂಕೋಸ್ ಅಂತ ಯಾಕೆ ಹೇಳಿದೆ ಅಂದರೆ, ಮೂರು ಔಷಧಿ ಇರುವ ಎಷ್ಟೋ ಮಾತ್ರೆಗಳಲ್ಲಿ ವೊಗ್ಲಿಬೋಸ್ ಇರುತ್ತದೆ. ಅದರ ಕೆಲಸವೇ ಕರುಳಿನಲ್ಲಿ ಪಿಷ್ಟ, ಸಕ್ಕರೆ ಒಡೆಯುವುದನ್ನು ತಡೆಯುವುದು. ಅಂಥವರಿಗೆ ಸಕ್ಕರೆಯನ್ನೋ ಬೆಲ್ಲವನ್ನೋ ತಿನ್ನಿಸಿದರೆ ಬೇಗ ರಕ್ತಕ್ಕೆ ಸೇರುವುದಿಲ್ಲ. ಗ್ಲೂಕೋಸ್ ಒಡೆಯಬೇಕಾಗಿಲ್ಲ, ನೇರ ಸೇರುತ್ತದೆ. ವೊಗ್ಲಿಬೋಸ್ ಇಲ್ಲದವರಿಗೆ ಸಕ್ಕರೆಯೂ ಆಗುತ್ತದೆ. ಆದರೆ ಆ ಗಾಬರಿಯಲ್ಲಿ ಶೀಟ್ ಓದುವವರು ಯಾರು? ಒಂದು ಗ್ಲೂಕೋಸ್ ಡಬ್ಬಿ ಮನೆಯಲ್ಲಿ ಇಟ್ಟುಬಿಡಿ. ಒಂದು ಸಣ್ಣ ಪೊಟ್ಟಣ ಜೇಬಿನಲ್ಲಿರಲಿ.

ಉಪವಾಸ, ವಾಂತಿ, ಸ್ಕ್ಯಾನಿಂಗ್

ಏಕಾದಶಿ, ಶಿವರಾತ್ರಿ ಹಿಂದಿನ ದಿನ ನಾನೇ ಕೆಲವರಿಗೆ ಫೋನ್ ಮಾಡುತ್ತೇನೆ. ಉಪವಾಸ ಮಾಡಿ ಮಾತ್ರೆ ಮಾತ್ರ ಎಂದಿನಂತೆ ನುಂಗುವುದು ಅಪಾಯ. ರಂಜಾನ್ ತಿಂಗಳಿಗೆ ಮುಂಚೆ ಬರುವವರಿಗೂ ಇದನ್ನೇ ಹೇಳುತ್ತೇನೆ: ಮೊದಲೇ ಡಾಕ್ಟರನ್ನು ಕೇಳಿ, ಹೊತ್ತು ಮತ್ತು ಡೋಸ್ ಬದಲಾಯಿಸಿಕೊಳ್ಳಿ. ಯಾರೂ ನಿಮ್ಮ ವ್ರತ ಬಿಡಿಸುವುದಿಲ್ಲ.

ವಾಂತಿ ಭೇದಿ ಆಗಿ ಊಟ ನೀರು ನಿಲ್ಲದಿದ್ದಾಗಲೂ ಹಾಗೇ. ಗ್ಲಿಮಿಪಿರೈಡ್‌ನಿಂದ ಶುಗರ್ ಬೀಳುತ್ತದೆ. ಮೈಯಲ್ಲಿ ನೀರು ಕಡಿಮೆಯಾಗಿ ಕಿಡ್ನಿಗೆ ಪೆಟ್ಟು ಬಿದ್ದರೆ ಮೆಟ್‌ಫಾರ್ಮಿನ್ ಒಳಗೇ ಉಳಿದು, ಅಪರೂಪಕ್ಕೆ ರಕ್ತದಲ್ಲಿ ಆಮ್ಲ ಏರುತ್ತದೆ. ಆ ದಿನವೇ ಡಾಕ್ಟರಿಗೆ ಫೋನ್ ಮಾಡಿ ಯಾವುದನ್ನು ನಿಲ್ಲಿಸಬೇಕು ಅಂತ ಕೇಳಿ. ಬಣ್ಣದ ಔಷಧಿ ಚುಚ್ಚಿ ಮಾಡುವ ಸಿಟಿ ಸ್ಕ್ಯಾನ್‌ಗೆ ಹೋದಾಗ ಮೆಟ್‌ಫಾರ್ಮಿನ್ ತಗೊಳ್ತಿದ್ದೀನಿ ಅಂತ ಬಾಯಿಬಿಟ್ಟು ಹೇಳಿ. ಕಿಡ್ನಿ ದುರ್ಬಲ ಇದ್ದರೆ 48 ಗಂಟೆ ನಿಲ್ಲಿಸಿ, ರಕ್ತ ಪರೀಕ್ಷೆ ನೋಡಿ ಮತ್ತೆ ಶುರು ಮಾಡಿಸುತ್ತಾರೆ. ವರ್ಷಕ್ಕೊಮ್ಮೆಯಾದರೂ ಕ್ರಿಯಾಟಿನಿನ್ ಅನ್ನುವ ಕಿಡ್ನಿಯ ರಕ್ತ ಪರೀಕ್ಷೆ ಮಾಡಿಸಿ, ಅದರ ಜೊತೆ ಬರುವ ಇಜಿಎಫ್ಆರ್ ಲೆಕ್ಕ ಕೇಳಿ, ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಅಂತ ಅದು ಹೇಳುತ್ತದೆ. ಅದು 45ಕ್ಕಿಂತ ಇಳಿದರೆ ಸಾಮಾನ್ಯವಾಗಿ ಮೆಟ್‌ಫಾರ್ಮಿನ್ ಕಡಿಮೆ ಮಾಡುತ್ತಾರೆ, 30ಕ್ಕಿಂತ ಇಳಿದರೆ ನಿಲ್ಲಿಸುತ್ತಾರೆ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಗೊಂಡು ಕಾಲು ಜುಮ್ಮೆನ್ನುತ್ತಿದ್ದರೆ ಎಲ್ಲವನ್ನೂ ಶುಗರ್ ಮೇಲೆ ಹಾಕಬೇಡಿ. ವಿಟಮಿನ್ ಬಿ12 ಕಡಿಮೆ ಆಗಿರಬಹುದು, ಒಮ್ಮೆ ನೋಡಿಸಿ.

ಬೇರೆ ಜೋಡಿಗಳು

ಮೆಟ್‌ಫಾರ್ಮಿನ್ ಜೊತೆ ವಿಲ್ಡಾಗ್ಲಿಪ್ಟಿನ್, ಸಿಟಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್ ಇದ್ದರೆ ಶುಗರ್ ಬೀಳುವ ಭಯ ಕಡಿಮೆ, ತೂಕವೂ ಏರುವುದಿಲ್ಲ. ಒಬ್ಬರೇ ಇರುವ ವಯಸ್ಸಾದವರಿಗೆ ಇದು ಹೊಂದುತ್ತದಾ ಅಂತ ಡಾಕ್ಟರನ್ನು ಕೇಳಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಸಕ್ಕರೆಯನ್ನು ಮೂತ್ರದಲ್ಲಿ ಕಳಿಸುತ್ತವೆ. ಹೃದಯ, ಕಿಡ್ನಿಗೆ ಒಳ್ಳೆಯದು. ನೀರು ಚೆನ್ನಾಗಿ ಕುಡಿಯಬೇಕು, ಉಪವಾಸಕ್ಕೂ ಆಪರೇಷನ್‌ಗೂ ಮೊದಲೇ ಕೇಳಬೇಕು. ಗುಪ್ತಾಂಗದಲ್ಲಿ ಕೆರೆತ ಬಂದರೆ ನಾಚಿಕೆ ಬೇಡ, ಈ ಮಾತ್ರೆಯಿಂದ ಬರುವುದುಂಟು. ಅದಕ್ಕೆ ಫ್ಲುಕೋನಜೋಲ್ ಅನ್ನುವ ಫಂಗಸ್ ಮಾತ್ರೆಯನ್ನು ನೀವೇ ಕೇಳಿ ತಗೊಳ್ಳಬೇಡಿ. ಗ್ಲಿಮಿಪಿರೈಡ್ ಜೊತೆ ಅದು ಸೇರಿದರೆ ಶುಗರ್ ಬೀಳುತ್ತದೆ. ಪಯೋಗ್ಲಿಟಾಜೋನ್ ಇದ್ದು ಕಾಲು ಊದಿಕೊಂಡರೆ, ಉಸಿರು ಕಟ್ಟಿದರೆ ತಡ ಮಾಡದೆ ತೋರಿಸಿ.

ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿದ್ದು ಒಬ್ಬ ಅಜ್ಜಿಯ ಪ್ಲಾಸ್ಟಿಕ್ ಕವರ್. ಎರಡು ಊರಿನ ಇಬ್ಬರು ಡಾಕ್ಟರು ಬರೆದ ಎರಡು ಶೀಟ್ ಅದರಲ್ಲಿದ್ದವು. ಹೆಸರು ಬೇರೆ, ಬಣ್ಣ ಬೇರೆ, ಹಿಂದೆ ತಿರುಗಿಸಿದರೆ ಎರಡರಲ್ಲೂ ಅದೇ ಗ್ಲಿಮಿಪಿರೈಡ್, ಅದೇ ಮೆಟ್‌ಫಾರ್ಮಿನ್. "ಒಂದು ಹಳೇದು, ಒಂದು ಹೊಸದು" ಅಂತ ಎರಡನ್ನೂ ನುಂಗುತ್ತಿದ್ದರು. ಆಸ್ಪತ್ರೆಯಿಂದ ಬಿಡುಗಡೆ ಆಗಿ ಬಂದಾಗ, ಡಾಕ್ಟರ್ ಬದಲಾದಾಗ, ಮನೆಯಲ್ಲಿರುವ ಎಲ್ಲ ಶೀಟ್‌ಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸುರಿಯಿರಿ. "ಇದರಲ್ಲಿ ಯಾವುದು ಇರಲಿ, ಯಾವುದು ಬಿಡಲಿ" ಅಂತ ಕೇಳಿ.

ಮಾತ್ರೆ ಹೊಂದುತ್ತಿದೆಯಾ ಅಂತ ಗೊತ್ತಾಗಲು ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) ಮಾಡಿಸಿ, ಸ್ಥಿರವಾದ ಮೇಲೆ ಆರು ತಿಂಗಳಿಗೊಮ್ಮೆ. ಹೆಚ್ಚಿನವರಿಗೆ 7ರ ಒಳಗೆ ಇರಲಿ ಅನ್ನುತ್ತಾರೆ. ಅಪ್ಪನಂಥ ವಯಸ್ಸಾದವರಿಗೆ, ಒಮ್ಮೆ ಶುಗರ್ ಬಿದ್ದವರಿಗೆ, ಸ್ವಲ್ಪ ಮೇಲಿದ್ದರೂ ಡಾಕ್ಟರು ಒಪ್ಪುತ್ತಾರೆ. ಅಪ್ಪನದು ಈಗ 7.4. ಅದನ್ನು ಇನ್ನೂ ಇಳಿಸಿ ಅಂತ ನಾನು ಕೇಳಿಲ್ಲ.

ದುಡ್ಡಿನ ಕಷ್ಟಕ್ಕೆ ದಿನ ಬಿಟ್ಟು ದಿನ ನುಂಗುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಅಂಗಡಿಯಲ್ಲಿ ಹೇಳಿ. ವಿಲ್ಡಾಗ್ಲಿಪ್ಟಿನ್ ಪೇಟೆಂಟ್ 2019ರಲ್ಲಿ, ಸಿಟಾಗ್ಲಿಪ್ಟಿನ್‌ದು 2022ರಲ್ಲಿ ಮುಗಿದ ಮೇಲೆ ಅವುಗಳ ಬೆಲೆ ಚೆನ್ನಾಗಿ ಇಳಿದಿದೆ. ಜನೌಷಧಿ ಕೇಂದ್ರದಲ್ಲಿ ಗ್ಲಿಮಿಪಿರೈಡ್ ಮೆಟ್‌ಫಾರ್ಮಿನ್ ಇನ್ನೂ ಕಡಿಮೆಗೆ ಸಿಗುತ್ತದೆ. ಅಲ್ಲಿಂದ ತಂದರೂ ಶೀಟ್ ಹಿಂದೆ ತಿರುಗಿಸಿ, ಎರಡು ಹೆಸರು, ಎರಡು ಎಂಜಿ, ಎಸ್‌ಆರ್ ಇದೆಯೋ ಇಲ್ಲವೋ, ಇಷ್ಟನ್ನು ಹಳೇ ಶೀಟ್ ಜೊತೆ ಹೊಂದಿಸಿ ನೋಡಿಕೊಳ್ಳಿ.