ನಿಂತ ತೂಕ ಇಳಿಸಿದ್ದು ರೊಟ್ಟಿ, ಹುರುಳಿ: ಸ್ಲೀವ್ ಆದಮೇಲಿನ ನನ್ನ ಅನುಭವ

ಸ್ಲೀವ್ ಅಂದರೆ ತೂಕ ಇಳಿಸಲು ಹೊಟ್ಟೆಯ ಬಹುಭಾಗ ಕತ್ತರಿಸಿ ತೆಗೆದು, ಉಳಿದದ್ದನ್ನು ಸಣ್ಣ ಕೊಳವೆಯ ಹಾಗೆ ಮಾಡುವ ಆಪರೇಷನ್. ಅದು ಆದವರಿಗೆ ಮೂರನೇ ವಾರದ ಹೊತ್ತಿಗೆ ಒಮ್ಮೆ ತೂಕ ನಿಲ್ಲುವುದು ಗೊತ್ತೇ ಇದೆ. ಅದು ತಾನಾಗಿ ಸರಿಹೋಗುತ್ತದೆ, ಅದರ ಬಗ್ಗೆ ಬರೆಯಲ್ಲ. ನಾನು ಹೇಳುತ್ತಿರುವುದು ವರ್ಷದ ಹತ್ತಿರ ಬಂದು ವಕ್ಕರಿಸುವ ದೊಡ್ಡ ನಿಲುಗಡೆ. 128 ಕೆಜಿಯಿಂದ ಶುರುವಾಗಿ 91ಕ್ಕೆ ಬಂದೆ, ಅಲ್ಲೇ ಕೂತೆ. ಮೂರು ನಾಲ್ಕು ತಿಂಗಳು ಮುಳ್ಳು ಅಲ್ಲಾಡಲಿಲ್ಲ. ಈಗ 79-80ರಲ್ಲಿದ್ದೇನೆ. "ನಿಮ್ಮ ಹೊಟ್ಟೆ ಮತ್ತೆ ಹಿಗ್ಗಿದೆ, ಬೈಪಾಸ್ ಮಾಡಿಸೋದೇ ಗತಿ" (ಹೃದಯದ್ದಲ್ಲ, ಹೊಟ್ಟೆಗೆ ಮಾಡುವ ಇನ್ನೊಂದು ದೊಡ್ಡ ಆಪರೇಷನ್) ಅಂದವರೇ ಈಗ ಫೋನ್ ಮಾಡಿ ಏನು ತಿಂದ್ರಿ ಅಂತ ಕೇಳುತ್ತಾರೆ.

ನಂದು ತುಮಕೂರಿನ ಮಂಡಿಪೇಟೆಯಲ್ಲಿ ದಿನಸಿ ಅಂಗಡಿ. ಕಾಳು, ಹಿಟ್ಟು, ತೂಗುವ ಮೆಷಿನ್ ಎಲ್ಲ ಕೈಗೆ ಸಿಗುತ್ತದೆ. ಹುರಿಗಡಲೆ, ಬೆಲ್ಲ, ಗೋಡಂಬಿಯೂ ಕೈಗೆ ಸಿಗುತ್ತದೆ, ಅದೇ ಕಷ್ಟ.

ದುಡ್ಡಿನ ಮಾತು ಮೊದಲೇ ಮುಗಿಸುತ್ತೇನೆ. ಬೆಂಗಳೂರಿನಲ್ಲಿ ಆಪರೇಷನ್ನಿಗೆ ಸುಮಾರು ಮೂರೂಕಾಲು ಲಕ್ಷ ಆಯಿತು. ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಅನ್ನುವ ಲೆಕ್ಕ) 40ಕ್ಕಿಂತ ಜಾಸ್ತಿ ಇದ್ದರೆ, ಅಥವಾ 35ರ ಮೇಲಿದ್ದು ಹತೋಟಿಗೆ ಬರದ ಶುಗರ್ ಥರದ ಕಾಯಿಲೆ ಇದ್ದರೆ ವಿಮೆಯಲ್ಲಿ ಕೇಳಬಹುದು. ನನಗೆ ಎರಡೂ ಇತ್ತು. ಮೂರರಲ್ಲಿ ಎರಡು ಪಾಲು ಬಂತು, ಅದೂ ಕಾಗದಪತ್ರಕ್ಕೆ ಅಲೆದಲೆದು ಚಪ್ಪಲಿ ಸವೆದ ಮೇಲೆ. ಮಾತ್ರೆಗಳಿಗೆ ತಿಂಗಳಿಗೆ ಸಾವಿರದ ಐನೂರರ ಆಸುಪಾಸು. ಇದೆಲ್ಲ ಇರಲಿ. ನನಗೆ ಹೊಟ್ಟೆ ಉರಿದಿದ್ದು ತೂಕ ನಿಂತಮೇಲೆ ಸುರಿದ ದುಡ್ಡಿಗೆ. ಒಟ್ಟು ಹತ್ತಿರ ಹತ್ತಿರ 40 ಸಾವಿರ.

ಮೊದಲು ಮಾಡಿದ್ದು ಎಲ್ಲರೂ ಹೇಳುವ 'ರೀಸೆಟ್'. ಆಪರೇಷನ್ ಆದ ಮೊದಲ ವಾರದ ಹಾಗೆ ಮತ್ತೆ ಬರೀ ಸೂಪು, ಶೇಕು, ಮಜ್ಜಿಗೆ. ಒಂದು ವಾರಕ್ಕೆ ಎರಡು ಕೆಜಿ ಇಳಿಯಿತು. ಹೆಂಡತಿಗೆ ಕಾಟಾದ ಫೋಟೋ ತೆಗೆದು ತೋರಿಸಿದೆ. ಗಟ್ಟಿ ಊಟ ಶುರು ಮಾಡಿದ ವಾರದಲ್ಲಿ ಎರಡೂವರೆ ವಾಪಸ್. ಇಳಿದಿದ್ದು ನೀರು, ಅಷ್ಟೇ.

ಆಮೇಲೆ ರಾತ್ರಿ ಊಟ ಬಿಟ್ಟೆ. ನಮ್ಮಂಥ ಪುಟ್ಟ ಹೊಟ್ಟೆಯವರು ಒಂದು ಹೊತ್ತು ಬಿಟ್ಟರೆ ದಿನದ 60-70 ಗ್ರಾಂ ಪ್ರೋಟೀನ್ ಎಲ್ಲಿಂದ ತುಂಬುತ್ತದೆ ಹೇಳಿ? ಬಾಚಣಿಗೆ ತುಂಬಾ ಕೂದಲು ಬರತೊಡಗಿತು. ಒಬ್ಬರು ಮನೆಗೇ ಬಂದು ಶೇಕ್ ಡಬ್ಬಗಳ ಸೆಟ್ ಮಾರಿದರು. ತಿಂಗಳಿಗೆ ಏಳೆಂಟು ಸಾವಿರ. ಡಬ್ಬದ ಹಿಂದೆ ಓದಿದರೆ ಪ್ರೋಟೀನಿಗಿಂತ ಸಕ್ಕರೆಯದೇ ಕಾರುಬಾರು. ಅರ್ಧ ಡಬ್ಬ ಇನ್ನೂ ಅಟ್ಟದ ಮೇಲಿದೆ. ಅಮಾನಿಕೆರೆ ಸುತ್ತ ಬೆಳಗ್ಗೆ ಸಂಜೆ ನಡೆದೆ. ಗಾಳಿ ಚೆನ್ನಾಗಿತ್ತು, ಗೆಳೆಯರು ಸಿಕ್ಕರು, ಮಂಡಿ ನೋವು ಬಂತು. ತೂಕ 91.

ಇಷ್ಟಾದ ಮೇಲೆ ಸರ್ಜನ್ ಹತ್ತಿರ ಹೋದೆ. ಹೊಟ್ಟೆಯ ಆಕಾರ ಕಾಣಲೆಂದು ಬೇರಿಯಂ ದ್ರಾವಣ ಕುಡಿಸಿ ಎಕ್ಸ್‌ರೇ, ಥೈರಾಯ್ಡ್, ವಿಟಮಿನ್ ಬಿ12, ಡಿ, ಕಬ್ಬಿಣಾಂಶ ಎಲ್ಲ ಮಾಡಿಸಿದೆ. ಹೊಟ್ಟೆ ಹಿಗ್ಗಿರಲಿಲ್ಲ. ಬಿ12 ಮಾತ್ರ ಕೆಳಗಿತ್ತು, ಇಂಜೆಕ್ಷನ್ ಕೊಟ್ಟರು. ಹಣ ಹೋಯಿತು ನಿಜ, ಆದರೆ ಈ ಖರ್ಚನ್ನು ದಂಡ ಅನ್ನಲ್ಲ. ಬೈಪಾಸ್ ಅಂತ ಹೆದರಿಸಿದವರ ಬಾಯಿ ಮುಚ್ಚಿಸಿತು.

ಹೊಟ್ಟೆ ಸಣ್ಣದಾಗೇ ಇದೆ, ಆದರೂ ತೂಕ ಇಳಿಯಲ್ಲ. ಹಾಗಾದರೆ ಒಳಗೆ ಹೋಗುವುದು ಏನು? ಬಿಲ್ ಪುಸ್ತಕದ ಹಿಂದೆ ಬಾಯಿಗೆ ಹೋದದ್ದೆಲ್ಲ ಬರೆಯತೊಡಗಿದೆ. ಅಂಗಡಿಯ ಮೆಷಿನ್ನಿನಲ್ಲಿ ತೂಗಿಯೇ ತಿಂದೆ. ಜೊತೆಗೆ ಇನ್ನೊಂದು ಬರೆದೆ, ಇದನ್ನು ಯಾರೂ ಬರೆಯುವುದಿಲ್ಲ: ತಿನ್ನಲು ಎಷ್ಟು ನಿಮಿಷ, ಮತ್ತೆ ಹಸಿವು ಎಷ್ಟು ಹೊತ್ತಿಗೆ.

ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಒಂದು, ಮೇಲೆ ಬೆಣ್ಣೆ. ಐದೇ ನಿಮಿಷ. ಒಂದೂವರೆ ಗಂಟೆಗೆ ಮತ್ತೆ ಹಸಿವು. ಕಾಫಿಯಲ್ಲಿ ಅದ್ದಿದ ಮಾರಿ ಬಿಸ್ಕೆಟ್ಟಿಗೆ ಲೆಕ್ಕವೇ ಇಲ್ಲ, ಹೊಟ್ಟೆಗೆ ಹೋಗಿದ್ದೇ ಗೊತ್ತಾಗುವುದಿಲ್ಲ. ಅವಲಕ್ಕಿ, ಮೊಸರನ್ನ, ಉಪ್ಪಿಟ್ಟು ಎಲ್ಲ ಇದೇ ಜಾತಿ. ಮೆತ್ತಗಿರುವುದು ಸ್ಲೀವ್ ಒಳಗೆ ನಿಲ್ಲುವುದೇ ಇಲ್ಲ, ಕೊಳವೆಯಲ್ಲಿ ನೀರಿನ ಹಾಗೆ ಜಾರಿ ಹೋಗುತ್ತದೆ. ಅದೇ ಒಂದು ಬಟ್ಟಲು ಹುರುಳಿಕಾಳು ಉಸಲಿ, ನೀರಿಲ್ಲದ್ದು? ಇಪ್ಪತ್ತೈದು ನಿಮಿಷ ಅಗಿಯಬೇಕು. ನಾಲ್ಕು ಗಂಟೆ ಹಸಿವಿಲ್ಲ.

ಇದನ್ನೇ ಹಿಡಿದುಕೊಂಡೆ. ಅಗಿಯಲೇಬೇಕಾದ್ದನ್ನು ಮಾತ್ರ ತಿನ್ನುವುದು. ಮನೆಯಲ್ಲಿ ದೊಡ್ಡ ಗಲಾಟೆ. "ಗಂಟಲಲ್ಲಿ ಸಿಕ್ಕಿಕೊಂಡ್ರೆ ಬೆಂಗಳೂರಿಗೆ ಓಡೋರು ಯಾರು ರೀ?" ಅಂದಳು ಹೆಂಡತಿ. ಭಯ ಸುಳ್ಳಲ್ಲ. ಹೊಸದಾಗಿ ಆಪರೇಷನ್ ಆದವರು ಇದನ್ನು ಮುಟ್ಟಲೇಬೇಡಿ. ನನಗೆ ವರ್ಷ ದಾಟಿತ್ತು, ಡಯಟೀಷಿಯನ್ನರನ್ನು ಕೇಳಿದೆ, ಚೆನ್ನಾಗಿ ಅಗಿದರೆ ಅಡ್ಡಿಯಿಲ್ಲ ಅಂದರು.

ಕಷ್ಟ ಬಂದಿದ್ದು ಮುದ್ದೆಗೆ. ನಮ್ಮ ಕಡೆ ಮುದ್ದೆ ಬಿಡುವುದು ಅಂದರೆ ಅರ್ಧ ಜೀವ ಬಿಟ್ಟ ಹಾಗೆ. ಮೊದಲು ಅಗಿದು ನೋಡಿದೆ. ಅಮ್ಮ ನಕ್ಕುಬಿಟ್ಟರು. "ಮುದ್ದೆ ಯಾರಾದ್ರೂ ಅಗೀತಾರೇನೋ ಮಗಾ, ನುಂಗೋದು ಅದು." ಹಲ್ಲಿಗೆ ಅಂಟುತ್ತದೆ, ರುಚಿಯೂ ಇಲ್ಲ. ಅದೇ ರಾಗಿಹಿಟ್ಟು 60 ಗ್ರಾಂ ತೂಗಿ ಒಂದು ದಿನ ಮುದ್ದೆ, ಒಂದು ದಿನ ರೊಟ್ಟಿ ಮಾಡಿಸಿದೆ. ಸಾರಲ್ಲಿ ಅದ್ದಿದ ಮುದ್ದೆ ಐದಾರು ನಿಮಿಷಕ್ಕೆ ಖಾಲಿ, ಎರಡು ಗಂಟೆಗೆ ಕಾಫಿ ಬೇಕು ಅನಿಸುತ್ತಿತ್ತು. ಗರಿಗರಿ ಬೇಯಿಸಿದ ರೊಟ್ಟಿಯನ್ನು ಮುಕ್ಕಾಲು ತಿನ್ನುವಷ್ಟರಲ್ಲಿ ಸಾಕಪ್ಪಾ ಸಾಕು. ಹಿಟ್ಟು ಅದೇ, ಅಳತೆ ಅದೇ. ಅವತ್ತಿನಿಂದ ಮುದ್ದೆ ಭಾನುವಾರಕ್ಕೆ ಮಾತ್ರ.

ಎರಡನೇ ಕಳ್ಳ ಸಾರು. ಊಟದ ಜೊತೆ ನೀರು ಕುಡಿಯಬೇಡಿ, ಅರ್ಧ ಗಂಟೆ ಬಿಡಿ ಅಂತ ಎಲ್ಲರಿಗೂ ಹೇಳಿ ಕಳಿಸುತ್ತಾರೆ, ನಾವೂ ಪಾಲಿಸುತ್ತೇವೆ. ಆದರೆ ತಟ್ಟೆ ತುಂಬಾ ಸಾರು ಸುರಿದುಕೊಳ್ಳುತ್ತೇವಲ್ಲ, ಅದು ನೀರಲ್ವಾ? ಇದಕ್ಕೆ ನಮ್ಮ ಬಸ್ಸಾರೇ ಉತ್ತರ. ಸೊಪ್ಪು, ಕಾಳು ಬೇಯಿಸಿ ಕಟ್ಟು ಬಸಿದು, ಕಾಳು ಒಂದು ಕಡೆ, ಸಾರು ಒಂದು ಕಡೆ ಮಾಡುವುದನ್ನು ನಮ್ಮಜ್ಜಿಯರೇ ಕಲಿಸಿದ್ದಾರೆ. ಊಟಕ್ಕೆ ಬಸಿದ ಪಲ್ಯ ಮತ್ತು ರೊಟ್ಟಿ. ಸಾರನ್ನು ಒಂದು ಗಂಟೆ ಬಿಟ್ಟು ಲೋಟದಲ್ಲಿ ಕುಡಿಯುವುದು. ಹುರುಳಿಯಲ್ಲಿ 100 ಗ್ರಾಮಿಗೆ 22 ಗ್ರಾಂ ಹತ್ತಿರ ಪ್ರೋಟೀನ್, ರಾಗಿಯಲ್ಲಿ ಏಳೇ. ಹಾಗಾಗಿ ತಟ್ಟೆಯಲ್ಲಿ ಪಲ್ಯ ಮೊದಲು, ರೊಟ್ಟಿ ಆಮೇಲೆ. ಜೊತೆಗೆ ದಿನಕ್ಕೆ ಮೂರು ಮೊಟ್ಟೆ, ವಾರದಲ್ಲಿ ಎರಡು ಸಲ ಕೋಳಿ. ಕೊರತೆ ಬಿದ್ದ ದಿನ ಮಾತ್ರ ಒಂದು ಚಮಚ ವೇ ಪೌಡರ್ (ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ).

ಹುರುಳಿ ವಾಯು. ಮೊದಲ ವಾರ ಅಂಗಡಿಯಲ್ಲಿ ಗಿರಾಕಿಗಳ ಮುಂದೆ ನಿಲ್ಲಲು ಆಗಲಿಲ್ಲ. ರಾತ್ರಿ ನೆನೆಸಿ, ಮೊಳಕೆ ಕಟ್ಟಿ, ಇನ್ನೊಂದು ಸಾಮಾನು ಹಾಕಿ ಬೇಯಿಸಿದರೆ ಆ ಕಾಟ ಇಲ್ಲ. ಆ ಸಾಮಾನು ಯಾವುದು ಅಂತ ಇಲ್ಲಿ ಹೇಳಲ್ಲ. ಮಂಡಿಪೇಟೆಗೆ ಬಂದು ಒಂದು ಕೆಜಿ ಹುರುಳಿ ತಗೊಂಡವರಿಗೆ ಹೇಳುತ್ತೇನೆ.

ಅವರೆಕಾಯಿ ಕಾಲದಲ್ಲಿ ಒಂದು ಪರೀಕ್ಷೆ ಮಾಡಿದೆ, ಸುಮ್ನೆ ಕುತೂಹಲಕ್ಕೆ. ಒಂದು ವಾರ ಹಿತಕಿದ ಬೇಳೆ ಸಾರು, ಒಂದು ವಾರ ಸಿಪ್ಪೆ ಇರುವ ಅವರೆಕಾಳು ಉಸಲಿ. ಹಿತಕಿದ ವಾರ ಮುಕ್ಕಾಲು ಕೆಜಿ ಏರಿತು. ಸಿಪ್ಪೆ ತೆಗೆದ ಬೇಳೆ ಬೆಣ್ಣೆಯಂತೆ ಬೇಯುತ್ತದಲ್ಲ, ಜಾರುತ್ತದೆ. ಒಬ್ಬನ ಮೇಲೆ ಒಂದೇ ಸಲ ಮಾಡಿದ್ದು, ಇದನ್ನು ಯಾರೂ ಸಿದ್ಧಾಂತ ಮಾಡಿಕೊಳ್ಳಬೇಡಿ. ಆದರೂ ಆ ಸಾರಿನ ವಾಸನೆಗೆ ಮುಕ್ಕಾಲು ಕೆಜಿ ಏರಿದರೂ ನಷ್ಟವಿಲ್ಲ.

ಊಟ ಬದಲಾದ ಮೇಲೆ ಆರು ವಾರಕ್ಕೆ ನಾಲ್ಕು ಕೆಜಿ ಇಳಿಯಿತು. ಆಮೇಲೆ ವೇಗ ಕಡಿಮೆಯಾಯಿತು. ಆಗ ಹಿಡಿದದ್ದು ಮೂಟೆ. ಬಿಎಚ್ ರಸ್ತೆಯ ಜಿಮ್ಮಿಗೆ ಎರಡು ತಿಂಗಳ ದುಡ್ಡು ಕಟ್ಟಿ, ನಾಲ್ಕು ದಿನ ಹೋಗಿ ಬಿಟ್ಟಿದ್ದೆ, ಹುಡುಗರ ಮಧ್ಯೆ ನಾಚಿಕೆ. ಅಂಗಡಿಯಲ್ಲೇ 25 ಕೆಜಿ ಅಕ್ಕಿ ಮೂಟೆ ಇರುವಾಗ ಜಿಮ್ ಯಾಕೆ? ಆಪರೇಷನ್ನಿಗೆ ಹೊಟ್ಟೆಯ ಮೇಲೆ ಮಾಡಿದ ತೂತುಗಳು ಪೂರ್ತಿ ಮಾಗಿವೆ, ಎತ್ತಬಹುದು ಅಂತ ಸರ್ಜನ್ ಹೇಳಿದ ಮೇಲೆಯೇ ಎತ್ತಿದೆ. ಮೊದಲು 10 ಕೆಜಿ ಚೀಲ, ನಿಧಾನವಾಗಿ 25. ತಬ್ಬಿ ಹಿಡಿದು ಕೂತೇಳುವುದು, ಗೋದಾಮಿನ ಉದ್ದಕ್ಕೂ ಹೊತ್ತು ನಡೆಯುವುದು. ನಮ್ಮ ಹಮಾಲಿ ನೋಡಿ, "ಬಿಡಿ ಸಾವ್ಕಾರ್ರೇ, ಸೊಂಟ ಹಿಡ್ಕೊಂಡೀತು. ನನ್ನ ಕೂಲಿ ಉಳಿಸೋಕೆ ಇಷ್ಟೆಲ್ಲ ಬೇಕಾ?" ಅಂದ.

ಮೂಟೆ ಹಿಡಿದ ಮೊದಲ ತಿಂಗಳು ಕಾಟಾ ಒಂದು ಕೆಜಿ ಮೇಲೆ ಹೋಯಿತು. ಬಹಳ ಜನ ಇಲ್ಲೇ ಬಿಟ್ಟುಬಿಡುತ್ತಾರೆ. ನನ್ನ ಕೈಲಿ ಟೇಪ್ ಇತ್ತು. ಅದೇ ತಿಂಗಳು ಸೊಂಟ ಒಂದೂವರೆ ಇಂಚು ಇಳಿದಿತ್ತು. ಟೇಲರ್ ಹತ್ತಿರ ಎರಡು ಪ್ಯಾಂಟ್ ಕೊಟ್ಟು ಹಿಡಿಸಿದೆ. ಎರಡನೇ ತಿಂಗಳಿಂದ ತೂಕವೂ ಇಳಿಯಿತು, ತಿಂಗಳಿಗೆ ಒಂದು, ಒಂದೂವರೆ ಕೆಜಿ. ಈಗ ಸೋಮವಾರ ಬೆಳಗ್ಗೆ ಒಂದೇ ಸಲ ತೂಗುವುದು. ದಿನಾ ತೂಗಿದರೆ ತಲೆ ಕೆಡುತ್ತದೆ.

ಮದುವೆ ಮನೆಯಲ್ಲಿ ಬಲವಂತದಿಂದ ಹೇಗೆ ತಪ್ಪಿಸಿಕೊಳ್ಳುತ್ತೀರಿ ಅಂತ ಬಹಳ ಜನ ಕೇಳುತ್ತಾರೆ. ಅದಕ್ಕೊಂದು ಉಪಾಯ ಇದೆ. ಬರೆದರೆ ನಮ್ಮ ನೆಂಟರು ಓದುತ್ತಾರೆ, ಮುಂದಿನ ಮದುವೆಗೆ ನಡೆಯುವುದಿಲ್ಲ.

ಈಗ ರಾಗಿಹಿಟ್ಟಿಗೆ ಹುರಿದ ಹುರುಳಿಹಿಟ್ಟು ಸೇರಿಸಿ ರೊಟ್ಟಿ ತಟ್ಟಿಸುತ್ತಿದ್ದೇನೆ. ಮೂರಕ್ಕೆ ಒಂದು ಹಾಕಿದರೆ ಸರಿ ಬರುತ್ತದೆ, ಎರಡಕ್ಕೆ ಒಂದು ಹಾಕಿದರೆ ಹೆಂಚಿನ ಮೇಲೆ ಒಡೆಯುತ್ತದೆ. ಬಿಸಿನೀರಲ್ಲಿ ಕಲಸಿದರೂ ಒಡೆಯಿತು. ಯಾರಿಗಾದರೂ ಎರಡಕ್ಕೆ ಒಂದು ಒಡೆಯದ ಹಾಗೆ ತಟ್ಟಲು ಬಂದರೆ ಹೇಳಿ, ಹುರುಳಿಯ ಗುಟ್ಟು ನಾನೂ ಹೇಳುತ್ತೇನೆ.